ಗೋಧಿಯೂ ಗುಲ್ಮವೂ

ನನ್ನ ಕೆಲಸ ರಕ್ತದ ಸ್ಲೈಡ್ ನೋಡುವುದು. ಹೈದರಾಬಾದಿನ ಲ್ಯಾಬೊಂದರಲ್ಲಿ ಟೆಕ್ನೀಷಿಯನ್. ಲೀಷ್ಮನ್ ಬಣ್ಣ ಹಾಕಿ, ಎಣ್ಣೆಯ ಹನಿ ಬಿಟ್ಟು, ನೂರರ ಲೆನ್ಸಿನಲ್ಲಿ ನೋಡುವಾಗ ಅಪರೂಪಕ್ಕೆ ಕೆಂಪುಕಣದೊಳಗೆ ಒಂದು ಚುಕ್ಕೆ ಕಾಣುತ್ತದೆ. ದುಂಡಗೆ, ಕಡುನೇರಳೆ, ಅಂಚಿಗೆ ಸರಿದು ಕೂತಿರುತ್ತದೆ. ಹೊವೆಲ್-ಜಾಲಿ ಕಾಯ ಅನ್ನುತ್ತೇವೆ. ಕೆಂಪುಕಣ ಬಲಿಯುವಾಗ ಅದರ ನ್ಯೂಕ್ಲಿಯಸ್ ಹೊರಬೀಳಬೇಕು. ಚೂರು ಉಳಿದರೆ ಎಡಪಕ್ಕೆಯಡಿಯ ಗುಲ್ಮ ಕಿತ್ತು ತೆಗೆಯುತ್ತದೆ. ಚುಕ್ಕೆ ಹಾಗೇ ಓಡಾಡುತ್ತಿದೆ ಅಂದರೆ ಗುಲ್ಮ ಕೆಲಸ ಮಾಡುತ್ತಿಲ್ಲ, ಇಲ್ಲವೇ ಗುಲ್ಮವೇ ಇಲ್ಲ.

ಆಪರೇಷನ್‌ನಲ್ಲಿ ಗುಲ್ಮ ತೆಗೆಸಿಕೊಂಡವರಲ್ಲಿ ಇದು ಮಾಮೂಲು. ಹೊಟ್ಟೆಗೆ ಕತ್ತರಿಯೇ ಬೀಳದವರಲ್ಲಿ ಕಂಡಾಗ ಯೋಚಿಸಬೇಕಾದ ಕಾರಣಗಳಲ್ಲಿ ಒಂದು, ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನ ಮೇಲೆ ದೇಹವೇ ತಿರುಗಿಬೀಳುವ ಸೀಲಿಯಾಕ್ ಕಾಯಿಲೆ. ಮಲೇರಿಯಾ ಕಂಡ ಸೀಮೆ ನಮ್ಮದು. ಗುಲ್ಮ ಅಂದರೆ ಊದಿದೆಯಾ ಅಂತ ಪಕ್ಕೆ ಒತ್ತಿ ನೋಡುವುದೇ ನಮಗೆ ಗೊತ್ತು. ಕುಗ್ಗಿದ ಗುಲ್ಮ ಕೈಗೆ ಸಿಗುವುದಿಲ್ಲ.

ನನ್ನ ತಮ್ಮನ ಹೆಂಡತಿಗೆ ಈ ಕಾಯಿಲೆ ಇದೆಯೆಂದು ಗೊತ್ತಾದದ್ದು ಹೊಟ್ಟೆನೋವಿನಿಂದಲ್ಲ, ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್‌ನಿಂದ. ಸೇಡಂ ಕಡೆಯ ಹುಡುಗಿ, ಈಗ ಕಾಚಿಗುಡದಲ್ಲಿ ಸಂಸಾರ. ರಿಪೋರ್ಟ್ ನೋಡಿ ಅವಳು ಕೇಳಿದ್ದು: "ಅಲ್ರೀ ಅಕ್ಕಾರ, ಜ್ವಾಳದ ರೊಟ್ಟಿ ಉಂಡು ಬೆಳದ ಮಂದಿ ನಾವು, ನಮಗ್ಯಾಕ ಬಂತ್ರೀ ಇದು?"

ಪ್ರಶ್ನೆ ಸರಿಯಾಗೇ ಇತ್ತು. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ದೇಶದ ಮೂರು ಭಾಗಗಳಲ್ಲಿ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿತ್ತು. ಕಾಯಿಲೆ ಸೂಚಿಸುವ ಆಂಟಿಬಾಡಿ ಉತ್ತರದಲ್ಲಿ ಶೇಕಡಾ 1.23, ದಕ್ಷಿಣದಲ್ಲಿ 0.10. ಆದರೆ ಅದಕ್ಕೆ ಬೇಕಾದ ಡಿಕ್ಯೂ2, ಡಿಕ್ಯೂ8 ಜೀನ್‌ಗಳು ಎಲ್ಲ ಕಡೆಯೂ ಮೂರರಲ್ಲಿ ಒಬ್ಬರಿಗೆ ಇದ್ದವು. ದೊಡ್ಡ ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ: ಉತ್ತರದಲ್ಲಿ ದಿನಕ್ಕೆ 455 ಗ್ರಾಂ ಗೋಧಿ, ದಕ್ಷಿಣದಲ್ಲಿ 25. ಜೋಳದಲ್ಲಿ ಗ್ಲುಟೆನ್ ಇಲ್ಲ. ಹೈದರಾಬಾದಿಗೆ ಬಂದ ಮೇಲೆ ನಮ್ಮವರ ತಟ್ಟೆಗೆ ಚಪಾತಿ, ನಾನ್, ಇರಾನಿ ಚಹಾದ ಜೊತೆ ಉಸ್ಮಾನಿಯಾ ಬಿಸ್ಕತ್ತು, ಡಬಲ್ ಕಾ ಮೀಠಾ ಎಲ್ಲ ಬಂದವು. ರಂಜಾನಿನ ಹಲೀಮಿನ ಮೈಯೇ ಗೋಧಿ. ಸಾರಿಗೆ ಚಿಟಿಕೆ ಹಾಕುವ ಇಂಗಿನ ಡಬ್ಬಿಯಲ್ಲೂ ಎಷ್ಟೋ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ. ಅದನ್ನು ಓದಿದ ದಿನ ಅವಳು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕಟ್ಟೆ ಮೇಲೆ ಸಾಲಾಗಿ ಇಟ್ಟು ಕೂತಿದ್ದಳು.

ಒಳಗೆ ನಡೆಯುವುದು ಹೀಗೆ. ಅರೆಜೀರ್ಣವಾದ ಗ್ಲುಟೆನ್ ಕರುಳಿನ ಗೋಡೆ ದಾಟಿದಾಗ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ಅದನ್ನು ಸ್ವಲ್ಪ ಬದಲಿಸುತ್ತದೆ. ಡಿಕ್ಯೂ2 ಅಥವಾ ಡಿಕ್ಯೂ8 ಇರುವ ಕಣಗಳು ಅದನ್ನು ಹಿಡಿದು ಟಿ-ಕಣಗಳಿಗೆ ತೋರಿಸುತ್ತವೆ. ಶತ್ರುವೆಂದು ತಿಳಿದು ಅವು ಎದ್ದು ನಿಲ್ಲುತ್ತವೆ. ಕರುಳ ಪದರದಲ್ಲಿ ಲಿಂಫೋಸೈಟುಗಳು ತುಂಬಿಕೊಳ್ಳುತ್ತವೆ, ಟರ್ಕಿ ಟವೆಲಿನ ನೂಲಿನಂತೆ ಎದ್ದಿರಬೇಕಾದ ವಿಲ್ಲೈಗಳು ಸವೆದು ಚಪ್ಪಟೆಯಾಗುತ್ತವೆ. ಗೋಧಿ ಬಿಟ್ಟರೆ ವಿಲ್ಲೈಗಳು ಮತ್ತೆ ಬೆಳೆಯುತ್ತವೆ. ಗಾಮಾ-ಡೆಲ್ಟಾ ಎಂಬ ಜಾತಿಯ ಟಿ-ಕಣಗಳು ಮಾತ್ರ ಹೆಚ್ಚಿದ್ದು ಹೆಚ್ಚಿದಂತೆಯೇ ಉಳಿಯುತ್ತವೆ.

ಇಷ್ಟು ಜಾಗೃತ ಸೈನ್ಯ ಇದ್ದವರಿಗೆ ಸೋಂಕು ತಗಲುವುದು ಕಡಿಮೆ ಇರಬೇಕಲ್ಲ ಎಂದು ಕೇಳುವವರಿದ್ದಾರೆ. ಉಲ್ಟಾ. ಜಗಳ ಕರುಳಲ್ಲಿ, ಸೊರಗುವುದು ಗುಲ್ಮ. ಸೀಲಿಯಾಕ್ ಇರುವ ವಯಸ್ಕರಲ್ಲಿ ಸುಮಾರು ಮೂರನೇ ಒಂದರಷ್ಟು ಮಂದಿಗೆ ಗುಲ್ಮದ ಶಕ್ತಿ ಕುಂದಿರುತ್ತದೆ; ಮಕ್ಕಳಲ್ಲಿ ಅಪರೂಪ. ರೋಗ ಗೊತ್ತಾಗದೆ ಗೋಧಿ ತಿಂದ ವರ್ಷಗಳು ಹೆಚ್ಚಿದಷ್ಟೂ ಈ ಅಪಾಯ ಹೆಚ್ಚು. ಗುಲ್ಮವನ್ನು ನೆಚ್ಚಿಕೊಂಡ ಐಜಿಎಂ ನೆನಪಿನ ಬಿ-ಕಣಗಳೂ ಕಡಿಮೆಯಾಗುತ್ತವೆ. ಸಕ್ಕರೆಯ ಕವಚ ತೊಟ್ಟ ನ್ಯುಮೊಕಾಕಸ್‌ನಂಥ ಬ್ಯಾಕ್ಟೀರಿಯಾವನ್ನು ತಟ್ಟನೆ ಗುರುತಿಸುವ ಕಣಗಳು ಇವೇ. ಸ್ವೀಡನ್ನಿನಲ್ಲಿ 15 ಸಾವಿರಕ್ಕೂ ಮೇಲ್ಪಟ್ಟ ರೋಗಿಗಳ ದಾಖಲೆ ತೆಗೆದು ನೋಡಿದಾಗ ನ್ಯುಮೊಕಾಕಸ್‌ನಿಂದ ರಕ್ತ ನಂಜಾಗುವುದು ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು ಇತ್ತು. ಹೆದರಬೇಡಿ, ಮೂಲದಲ್ಲೇ ಅಪರೂಪದ ಕಾಯಿಲೆ. ನಾಲ್ಕು ಪಟ್ಟಾದರೂ ಅಪರೂಪವೇ. ಆದರೆ ಬಂದರೆ ಗಂಟೆಗಳ ಲೆಕ್ಕ. ಗುಲ್ಮ ಕುಗ್ಗಿದೆ ಎಂದು ಗೊತ್ತಿದ್ದವರು ಚಳಿಜ್ವರ ಬಂದರೆ ಡೋಲೋ ನುಂಗಿ ಮಲಗುವುದಲ್ಲ, ಆಸ್ಪತ್ರೆಗೆ ಹೋಗಿ ಮೊದಲು ಗುಲ್ಮದ ವಿಷಯ ಹೇಳಬೇಕು.

ನನಗೆ ಸಿಟ್ಟು ಬರುವುದು ಇಲ್ಲಿ. ರೋಗಿಯ ಕೈಗೆ ಏನು ತಿನ್ನಬಾರದು ಎಂಬ ಪಟ್ಟಿ ಕೊಡುತ್ತಾರೆ, ನ್ಯುಮೊಕಾಕಲ್ ಲಸಿಕೆಯ ಮಾತು ಎತ್ತುವವರು ಕಡಿಮೆ. ಈ ಲಸಿಕೆ ಸರ್ಕಾರದ ಕಾರ್ಯಕ್ರಮಕ್ಕೆ ಬಂದದ್ದು 2017ರಲ್ಲಿ, ಅದೂ ಹಂತಹಂತವಾಗಿ, ಕೂಸುಗಳಿಗೆ. ತಮ್ಮನ ಹೆಂಡತಿಯ ವಯಸ್ಸಿನವರು ಡಾಕ್ಟರನ್ನು ಕೇಳಿ, ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು. ಜೊತೆಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ.

ಹೆಪಟೈಟಿಸ್ ಬಿ ಲಸಿಕೆಯದು ಬೇರೆಯೇ ತಕರಾರು. ಭಾರತದ ಮೊದಲ ರಿಕಾಂಬಿನಂಟ್ ಹೆಪಟೈಟಿಸ್ ಬಿ ಲಸಿಕೆ 1997ರಲ್ಲಿ ಬಂದದ್ದು ಇದೇ ಊರಿನ ಶಾಂತಾ ಬಯೋಟೆಕ್ನಿಕ್ಸ್‌ನಿಂದ. ಆದರೆ ಡಿಕ್ಯೂ2 ಇರುವ ಅನೇಕರಿಗೆ ಹೆಪಟೈಟಿಸ್ ಬಿ ಲಸಿಕೆ, ಯಾರು ತಯಾರಿಸಿದ್ದಾದರೂ, ಹತ್ತುವುದೇ ಇಲ್ಲ. ಮೂರು ಸೂಜಿ ಆಗಿದೆ ಎಂದು ನೆಮ್ಮದಿಯಾಗಿ ಇರುತ್ತಾರೆ, ರಕ್ತದಲ್ಲಿ ಆಂಟಿಬಾಡಿ ಇರುವುದಿಲ್ಲ. ಟೈಟರ್ ಪರೀಕ್ಷೆಯಲ್ಲಿ 10ಕ್ಕಿಂತ ಕಡಿಮೆ ಬಂದರೆ, ಗೋಧಿ ಬಿಟ್ಟು ಕೆಲಕಾಲವಾದ ಮೇಲೆ ಮತ್ತೆ ಹಾಕಿಸಿದಾಗ ಹಲವರಿಗೆ ಹತ್ತುತ್ತದೆ. ತಮ್ಮನ ಹೆಂಡತಿಯ ರಕ್ತ ನಾನೇ ಎಳೆದೆ. "ಸೂಜಿ ಆಗ್ಯಾವಲ್ರೀ ಅಕ್ಕಾರ, ಮತ್ಯಾಕ?" ಅಂದಳು. ಟೈಟರ್ ಬಂದದ್ದು 4.