ಗಡಿ ದಾಟುವ ವಿದ್ಯೆ

ಮಂಗಳೂರಿನ ಕುಲಶೇಖರದಲ್ಲಿ ದಕ್ಷಿಣ ಕನ್ನಡ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟದ ಡೇರಿ ಇದೆ. ಹಳ್ಳಿಹಳ್ಳಿಗಳ ಸಂಘಗಳಿಂದ ಬಂದ ಹಾಲು ಅಲ್ಲಿ ಸೇರುತ್ತದೆ. ಅದರಲ್ಲಿ ಒಂದು ಭಾಗ ಮೊಸರಾಗಿ ಮನೆಮನೆಗೆ ಹೋಗುತ್ತದೆ. ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವ ಗೃಹಿಣಿಯೂ ಡೇರಿಯ ತಂತ್ರಜ್ಞನೂ ಮಾಡುವ ಕೆಲಸ ಒಂದೇ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳನ್ನು ಹಾಲಿಗೆ ಬಿಟ್ಟು, ಅವು ಬೆಳೆಯಲು ತಕ್ಕ ಬಿಸುಪನ್ನು ಇಬ್ಬರೂ ಒದಗಿಸುತ್ತಾರೆ. ಆದರೆ ಹೆಪ್ಪು ಒಮ್ಮೊಮ್ಮೆ ಕೈಕೊಡುವುದುಂಟು. ಮನೆಯಲ್ಲಾದರೆ ಒಂದು ಪಾತ್ರೆ ಹಾಲು ಕೆಟ್ಟೀತು. ಜಗತ್ತಿನ ದೊಡ್ಡ ದೊಡ್ಡ ಹಾಲಿನ ಕಾರ್ಖಾನೆಗಳಲ್ಲಿ ಸಾವಿರಾರು ಲೀಟರು ಹಾಳಾಗುತ್ತದೆ. ಇದಕ್ಕೆ ಒಂದು ಮುಖ್ಯ ಕಾರಣ, ಬ್ಯಾಕ್ಟೀರಿಯಾಗಳನ್ನೇ ಕೊಲ್ಲುವ 'ಫೇಜ್' ಎಂಬ ವೈರಸ್.

ಡೆನ್ಮಾರ್ಕಿನ ಡ್ಯಾನಿಸ್ಕೋ ಎಂಬ ಸಂಸ್ಥೆಯ ವಿಜ್ಞಾನಿಗಳು ಈ ತೊಂದರೆಯ ಬೆನ್ನುಹತ್ತಿದರು. ಯೋಗರ್ಟ್ ಎಂಬ ಮೊಸರನ್ನು ಮಾಡುವ ಬ್ಯಾಕ್ಟೀರಿಯಾ ವೈರಸ್ಸಿನ ದಾಳಿಯಿಂದ ಬದುಕಿ ಉಳಿದರೆ, ಆ ವೈರಸ್ಸಿನ ಡಿ.ಎನ್.ಎ.ಯ ಒಂದು ತುಣುಕನ್ನು ತನ್ನ ಡಿ.ಎನ್.ಎ.ಯಲ್ಲಿಯೇ ಸೇರಿಸಿಟ್ಟುಕೊಳ್ಳುತ್ತದೆಂದು ಅವರು 2007ರಲ್ಲಿ ತೋರಿಸಿದರು. ಪೊಲೀಸ್ ಠಾಣೆಯಲ್ಲಿ ಹಳೆಯ ಕಳ್ಳರ ಭಾವಚಿತ್ರಗಳನ್ನು ತೂಗುಹಾಕಿದಂತೆ ಇದು. ಅದೇ ಶತ್ರು ಮತ್ತೆ ಬಂದಾಗ ಬ್ಯಾಕ್ಟೀರಿಯಾ ಅದನ್ನು ಗುರುತಿಸಿ ಕತ್ತರಿಸುತ್ತದೆ. ಈ ವ್ಯವಸ್ಥೆಯ ಹೆಸರು 'ಕ್ರಿಸ್ಪರ್'. 2011ರಲ್ಲಿ ಸೂಕ್ಷ್ಮಜೀವಿಗಳ ಅಭ್ಯಾಸಿ ಇಮ್ಯಾನುಯೆಲ್ ಶಾರ್ಪೆಂಟಿಯೇ, ಅಣುಗಳ ರಚನೆಯನ್ನು ಬಲ್ಲ ಜೆನಿಫರ್ ಡೌಡ್ನಾ ಅವರನ್ನು ಒಂದು ಸಮ್ಮೇಳನದಲ್ಲಿ ಭೇಟಿಯಾದರು. ಮರುವರ್ಷವೇ ಅವರಿಬ್ಬರೂ ಸಂಗಡಿಗರೊಡನೆ ಸೇರಿ, ಈ ಕತ್ತರಿಯನ್ನು ಬೇಕಾದ ಡಿ.ಎನ್.ಎ.ಯನ್ನು ಬೇಕಾದ ಕಡೆ ಕತ್ತರಿಸುವಂತೆ ಮಾರ್ಪಡಿಸಬಹುದೆಂದು ಸಾಧಿಸಿದರು. 2020ರಲ್ಲಿ ಇಬ್ಬರಿಗೂ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು.

ಒಂದು ಜೀವಿಯಲ್ಲಿರುವ ಡಿ.ಎನ್.ಎ.ಯ ಒಟ್ಟು ಬರಹಕ್ಕೆ ಜೀನೋಮ್ ಎಂದು ಹೆಸರು. ಮನುಷ್ಯನ ಜೀನೋಮಿನಲ್ಲಿ ನಾಲ್ಕೇ ಬಗೆಯ ಅಕ್ಷರಗಳಿಂದಾದ ಸುಮಾರು 300 ಕೋಟಿ ಅಕ್ಷರಗಳಿವೆ. ಕತ್ತರಿಗೆ ದಾರಿ ತೋರುವ ವಿಳಾಸವಾದರೋ 20 ಅಕ್ಷರಗಳದು. ಅಷ್ಟು ದೊಡ್ಡ ಗ್ರಂಥದಲ್ಲಿ ಅದನ್ನೇ ಹೋಲುವ ಇನ್ನೊಂದು ವಿಳಾಸವಿದ್ದರೆ ಕತ್ತರಿ ತಪ್ಪು ಜಾಗದಲ್ಲಿ ಬಿದ್ದೀತು. ಅದನ್ನು ಮೊದಲೇ ಹುಡುಕಲು ಗಣಿತಜ್ಞ ಬೇಕು, ಕಂಪ್ಯೂಟರ್ ಬಲ್ಲವನು ಬೇಕು. ಕತ್ತರಿಯನ್ನು ಜೀವಕೋಶದೊಳಗೆ ಸಾಗಿಸಲು ರಸಾಯನ ವಿಜ್ಞಾನಿ ಬೇಕು. ರೋಗಿಯ ಹಾಸಿಗೆಯ ಬಳಿ ವೈದ್ಯ ಬೇಕು. ಇವರೆಲ್ಲ ಒಬ್ಬರ ಭಾಷೆಯನ್ನು ಒಬ್ಬರು ಅರಿಯದಿದ್ದರೆ ಕೆಲಸ ಸಾಗದು. ಆದ್ದರಿಂದ ಸಂಶೋಧನೆಯ ಹೊಸ್ತಿಲಲ್ಲಿರುವ ತರುಣರಿಗೆ ಪರಶಾಸ್ತ್ರದ ಪಾಠವೂ ಆಗಬೇಕಾಗುತ್ತದೆ.

ಇಂಥ ಪಾಠ ಹೊಸದೇನಲ್ಲ. ಭೌತವಿಜ್ಞಾನಿಯಾಗಿದ್ದ ಮ್ಯಾಕ್ಸ್ ಡೆಲ್‌ಬ್ರೂಕ್ 1945ರ ಬೇಸಗೆಯಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಎಂಬಲ್ಲಿ ಒಂದು ವರ್ಗವನ್ನು ಆರಂಭಿಸಿದನು. ವಿಷಯ, ಮೇಲೆ ಹೇಳಿದ ಫೇಜ್ ವೈರಸ್ಸೇ. ಕೆಲವೇ ವಾರಗಳ ಆ ವರ್ಗದಲ್ಲಿ ಜೀವಶಾಸ್ತ್ರದ ಗಂಧವಿಲ್ಲದವರೂ ಗಾಜಿನ ತಟ್ಟೆ ಹಿಡಿದು ಪ್ರಯೋಗ ಮಾಡುತ್ತಿದ್ದರು. ಪರಮಾಣು ಸರಪಳಿ ಕ್ರಿಯೆಯ ಕಲ್ಪನೆಯನ್ನು ಮೊದಲು ಕಂಡ ಲಿಯೋ ಜಿಲಾರ್ಡ್ 1947ರಲ್ಲಿ, ತನ್ನ 49ನೆಯ ವಯಸ್ಸಿನಲ್ಲಿ, ಅಲ್ಲಿ ವಿದ್ಯಾರ್ಥಿಯಾಗಿ ಕುಳಿತನು. ಹಿರಿಮೆಯನ್ನು ಬಾಗಿಲ ಹೊರಗೆ ಬಿಟ್ಟು ಬರುವುದು ಸುಲಭವಲ್ಲ.

ಆ ವರ್ಗದ ಫಲ ಭಾರತಕ್ಕೂ ತಲುಪಿತು. ಇದೇ ಜಿಲಾರ್ಡ್, ಒಬೈದ್ ಸಿದ್ದಿಕಿ ಎಂಬ ತರುಣ ವಿಜ್ಞಾನಿಯ ವಿಷಯವನ್ನು ಹೋಮಿ ಭಾಭಾ ಅವರಿಗೆ ತಿಳಿಸಿದನು. ಭಾಭಾ ಅವರು ಭೌತವಿಜ್ಞಾನ ಮತ್ತು ಗಣಿತಗಳಿಗೆ ಹೆಸರಾದ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವವಿಜ್ಞಾನದ ವಿಭಾಗವನ್ನು ತೆರೆಯಲು 1962ರಲ್ಲಿ ಸಿದ್ದಿಕಿಯವರನ್ನು ಕರೆಸಿಕೊಂಡರು. ಮೂರು ದಶಕಗಳ ಬಳಿಕ ಆ ವಿಭಾಗದ ಅನುಭವವೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾಗಿ ಬೇರೂರಿತು. ಅದರ ಮೊದಲ ನಿರ್ದೇಶಕರು ಸಿದ್ದಿಕಿಯವರೇ. ಅವರ ತರುವಾಯ ಆ ಸ್ಥಾನಕ್ಕೆ ಬಂದವರು ಅವರ ಶಿಷ್ಯ ವಿಜಯರಾಘವನ್. ಕಾನ್ಪುರದಲ್ಲಿ ರಾಸಾಯನಿಕ ಎಂಜಿನಿಯರಿಂಗ್ ಓದಿ, ಹಣ್ಣಿನ ನೊಣದ ವಂಶವಾಹಿಗಳ ಅಭ್ಯಾಸಕ್ಕೆ ತಿರುಗಿದವರು. ಅವರನ್ನು 'ನೀನು ಎಂಜಿನಿಯರ್, ನಿನಗಿಲ್ಲಿ ಕೆಲಸವಿಲ್ಲ' ಎಂದು ಬಾಗಿಲಲ್ಲೇ ತಡೆದಿದ್ದರೆ ನಷ್ಟ ಯಾರದಾಗುತ್ತಿತ್ತು?

ಇಂದು ಆ ಕೇಂದ್ರದ ಆವರಣದಲ್ಲಿ ಸುಂಡಿಲಿಗಳ ಜೀನೋಮನ್ನು ತಿದ್ದುವುದಕ್ಕೆಂದೇ ಒಂದು ವಿಭಾಗವುಂಟು. ಭೌತವಿಜ್ಞಾನದ ಕಣ್ಣಿನಿಂದ ಜೀವವನ್ನು ನೋಡುವವರ ಗುಂಪೂ ಉಂಟು. ಅಲ್ಲಿಯೇ 2009ರಲ್ಲಿ ಹುಟ್ಟಿದ 'ಸಿ-ಕ್ಯಾಂಪ್' ಸಂಸ್ಥೆ ಹೊಸ ಉಪಕರಣಗಳ ಬಳಕೆಯನ್ನು ಕಲಿಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಲ್ಲಿ ಆರಂಭವಾದ ಪದವಿ ತರಗತಿಯಲ್ಲಿ ಗಣಿತವನ್ನು ಮೆಚ್ಚಿದವರೂ ಮೊದಲಿಗೆ ಜೀವವಿಜ್ಞಾನವನ್ನು ಓದಬೇಕು. ಜೀವವಿಜ್ಞಾನವನ್ನು ಮೆಚ್ಚಿದವರಿಗೆ ಗಣಿತದಿಂದ ಬಿಡುಗಡೆಯಿಲ್ಲ. ಪದವಿ ವಿದ್ಯಾರ್ಥಿಗಳಿಗೆ ವಿಜ್ಞಾನ ಅಕಾಡೆಮಿಗಳು ಬೇಸಗೆಯ ಸಂಶೋಧನಾ ವೇತನ ಕೊಡುತ್ತವೆ. ಡಾಕ್ಟರೇಟ್ ಪಡೆದ ಭೌತವಿಜ್ಞಾನಿ, ಎಂಜಿನಿಯರುಗಳು ಜೀವವಿಜ್ಞಾನಕ್ಕೆ ದಾಟಲೆಂದೇ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿರುವ ಒಂದು ಅಂತರರಾಷ್ಟ್ರೀಯ ಸಂಘಟನೆ ನೆರವು ನೀಡುತ್ತದೆ.

ಆದರೆ ಎರಡು ಶಾಸ್ತ್ರಗಳನ್ನು ಕಲಿತ ಮಾತ್ರಕ್ಕೆ ಎಲ್ಲವೂ ಸರಿಹೋಗದು. ಚೀನದ ಹೆ ಜಿಯಾನ್‌ಕ್ವಿ ಭೌತವಿಜ್ಞಾನದಲ್ಲಿ ಪದವಿಯನ್ನೂ ಅಮೆರಿಕದಲ್ಲಿ ಜೀವಭೌತವಿಜ್ಞಾನದ ಡಾಕ್ಟರೇಟನ್ನೂ ಪಡೆದವನು. ಎಚ್.ಐ.ವಿ. ಸೋಂಕು ತಗಲದಂತೆ ಭ್ರೂಣಗಳ ವಂಶವಾಹಿಯನ್ನು ತಿದ್ದಿ, ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು 2018ರ ನವೆಂಬರಿನಲ್ಲಿ ಸಾರಿದನು. ಭ್ರೂಣದಲ್ಲಿ ಮಾಡಿದ ತಿದ್ದುಪಡಿ ಆ ಮಕ್ಕಳ ಮಕ್ಕಳಿಗೂ ಇಳಿಯಬಹುದು. ಅವರ ಒಪ್ಪಿಗೆಯನ್ನು ಕೇಳುವವರಾರು? ಮರುವರ್ಷ ಅಲ್ಲಿನ ನ್ಯಾಯಾಲಯ ಅವನಿಗೆ ಮೂರು ವರ್ಷಗಳ ಸೆರೆವಾಸ ವಿಧಿಸಿತು. ಸಂತತಿಗೆ ಇಳಿಯುವಂಥ ವಂಶವಾಹಿ ಚಿಕಿತ್ಸೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2019ರ ಮಾರ್ಗಸೂಚಿಗಳು ನಿಷೇಧಿಸಿವೆ.

ರೋಗಿಯ ರಕ್ತಕೋಶಗಳನ್ನು ಮಾತ್ರ ತಿದ್ದುವ ಚಿಕಿತ್ಸೆಯ ಮಾತೇ ಬೇರೆ. ಕುಡುಗೋಲು ಕಣ ರೋಗಕ್ಕೆ ಕ್ರಿಸ್ಪರ್ ಚಿಕಿತ್ಸೆಗೆ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ 2023ರಲ್ಲಿ ಮನ್ನಣೆ ದೊರೆಯಿತು. ಈ ರೋಗದಲ್ಲಿ ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತಡೆಯಲಾಗದ ನೋವನ್ನು ಕೊಡುತ್ತದೆ. ಅಮೆರಿಕದಲ್ಲಿ ಆ ಚಿಕಿತ್ಸೆಗೆ ಕಟ್ಟಿದ ಬೆಲೆ 22 ಲಕ್ಷ ಡಾಲರು. ಚಾಮರಾಜನಗರ, ಮೈಸೂರು ಜಿಲ್ಲೆಗಳ ಕಾಡಂಚಿನ ಬುಡಕಟ್ಟು ಜನರಲ್ಲಿಯೂ ಈ ಕಾಯಿಲೆ ಇದೆ. ಅಲ್ಲಿನ ಮಗುವಿಗೆ ಅದು ಎಟಕುವಂತಾಗಬೇಕಾದರೆ ಕತ್ತರಿಯನ್ನು ಅಗ್ಗವಾಗಿ ತಯಾರಿಸುವ ರಾಸಾಯನಿಕ ಎಂಜಿನಿಯರನೂ, ಕಾಡಿನ ದಾರಿಯಲ್ಲಿ ನಡೆದು ರಕ್ತ ಪರೀಕ್ಷಿಸುವ ವೈದ್ಯನೂ ಒಂದೇ ಮೇಜಿನ ಸುತ್ತ ಕುಳಿತುಕೊಳ್ಳಬೇಕಾಗಿದೆ.