ಅರಿವಳಿಕೆ ಇಳಿಯುವ ಬಗೆ

ಶಸ್ತ್ರಕ್ರಿಯೆ ಎಂದೊಡನೆ ನಮ್ಮ ಹಳ್ಳಿಗರಲ್ಲಿ ಅನೇಕರು ಹೆದರುವುದು ಕತ್ತಿಗಲ್ಲ, “ಮತ್ತು ಕೊಟ್ಟ ಮೇಲೆ ಏಳದೆ ಹೋದರೆ?” ಎಂಬ ಯೋಚನೆಗೆ. ಅದನ್ನು ವೈದ್ಯರ ಮುಂದೆ ಬಾಯಿಬಿಟ್ಟು ಕೇಳಲು ಸಂಕೋಚ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ಆಸ್ಪತ್ರೆಯ ಒಪ್ಪಿಗೆಪತ್ರವನ್ನು ಓದಿ ಹೇಳುವ ಕೆಲಸ ನನ್ನ ಪಾಲಿನದು. ಬಿ.ಎ. ವಿದ್ಯಾರ್ಥಿಗೆ ವೈದ್ಯಶಾಸ್ತ್ರದ ಗೊಡವೆ ಏಕೆ ಎನ್ನುವವರಿಗೆ ಇದೇ ಉತ್ತರ.

ಆ ಭಯವು ಹುರುಳಿಲ್ಲದ್ದೇನಲ್ಲ. 1846ರ ಅಕ್ಟೋಬರ್ 16ರಂದು ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬ ದಂತವೈದ್ಯನು ಈಥರಿನ ಪ್ರಯೋಗವನ್ನು ಎಲ್ಲರೆದುರು ತೋರಿಸಿದನು. ಮರುವರ್ಷ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರಮ್ಮನ್ನು ಬಳಕೆಗೆ ತಂದನು. 1848ರಲ್ಲಿ ಇಂಗ್ಲೆಂಡಿನ 15 ವರ್ಷದ ಹುಡುಗಿಯೊಬ್ಬಳು ಕಾಲ್ಬೆರಳ ಉಗುರು ತೆಗೆಸಿಕೊಳ್ಳಲು ಕ್ಲೋರೋಫಾರಂ ಮೂಸಿ ಪ್ರಾಣಬಿಟ್ಟಳು. ಇಂದು ಔಷಧಿಗಳೂ ಬೇರೆ, ಕಾವಲೂ ಬಿಗಿ.

ಮತ್ತು ಇಳಿಯುವ ವೇಗವು ಮೊದಲಿಗೆ ಔಷಧಿಯ ಗುಣವನ್ನೇ ಅವಲಂಬಿಸಿದೆ. ಈಥರ್ ರಕ್ತದಲ್ಲಿ ಬಹಳವಾಗಿ ಕರಗುತ್ತದೆ. ಆದುದರಿಂದ ಏರುವುದೂ ನಿಧಾನ, ಇಳಿಯುವುದೂ ನಿಧಾನ. ಈಗಿನ ಸೆವೋಫ್ಲೂರೇನ್ ಅಲ್ಪವಾಗಿ ಕರಗುವುದರಿಂದ ಉಸಿರಿನೊಡನೆ ಬೇಗ ಹೊರಬೀಳುತ್ತದೆ. ನೋವಿಗೆಂದು ಕೊಟ್ಟ ಮಾರ್ಫಿನ್ ಉಸಿರನ್ನು ಮಂದಗೊಳಿಸಿದರೆ ಎಚ್ಚರವೂ ತಡವಾಗುತ್ತದೆ. ರಕ್ತನಾಳಕ್ಕೆ ಚುಚ್ಚುವ ಪ್ರೊಪೊಫಾಲಿನ ನಡೆಯೇ ಬೇರೆ. ಒಮ್ಮೆ ಕೊಟ್ಟರೆ ಕೆಲವು ನಿಮಿಷಗಳಲ್ಲಿ ಅದು ಮಿದುಳನ್ನು ಬಿಟ್ಟು ಸ್ನಾಯುಗಳತ್ತ ಸರಿಯುತ್ತದೆ. ರೋಗಿಯು ಕಣ್ಣು ತೆರೆದಾಗ ಔಷಧಿ ಇನ್ನೂ ಮೈಯಲ್ಲೇ ಇರುತ್ತದೆ! ಅಂದು ವಾಹನ ನಡೆಸಬೇಡಿ, ಪತ್ರಗಳಿಗೆ ರುಜು ಹಾಕಬೇಡಿ ಎನ್ನುವುದು ಇದಕ್ಕಾಗಿಯೇ.

ಇನ್ನು ರೋಗಿಯ ದೇಹಸ್ಥಿತಿ. ಯಕೃತ್ತು, ಮೂತ್ರಪಿಂಡಗಳು ಸೊರಗಿದ್ದರೆ, ಮೈ ತಣ್ಣಗಾದರೆ, ರಕ್ತದಲ್ಲಿ ಸಕ್ಕರೆ ಇಳಿದರೆ ಎಚ್ಚರ ತಡವಾಗುತ್ತದೆ. ಆದುದರಿಂದ ಶಸ್ತ್ರಕ್ರಿಯೆಯ ಬಳಿಕ ರೋಗಿಯನ್ನು ಬೇರೊಂದು ಕೊಠಡಿಯಲ್ಲಿಟ್ಟು ನೋಡುತ್ತಾರೆ. 1970ರಲ್ಲಿ ಆಲ್ಡ್ರೆಟೆ ಎಂಬ ವೈದ್ಯರು ಪ್ರಕಟಿಸಿದ ಕ್ರಮದಂತೆ ಕೈಕಾಲಿನ ಚಲನೆ, ಉಸಿರು, ರಕ್ತದೊತ್ತಡ, ಪ್ರಜ್ಞೆ, ಮೈಬಣ್ಣ ಇವಕ್ಕೆ ತಲಾ 2 ಅಂಕ. ಈಗ ಬಣ್ಣದ ಬದಲು ರಕ್ತದ ಆಮ್ಲಜನಕವನ್ನು ಅಳೆಯುತ್ತಾರೆ. 10ಕ್ಕೆ 9 ಬಂದರೆ ವಾರ್ಡಿಗೆ. ನಮ್ಮ ಪರೀಕ್ಷೆಗಳಿಗಿಂತ ಇದು ಕಠಿಣವೆನ್ನಬೇಕು.

ಮುದುಕರ ವಿಷಯದಲ್ಲಿ ಮಾತ್ರ ಕಣ್ಣು ತೆರೆದ ಮಾತ್ರಕ್ಕೆ ಎಲ್ಲವೂ ಮುಗಿಯುವುದಿಲ್ಲ. ತೊಡೆಮೂಳೆಯ ಶಸ್ತ್ರಕ್ರಿಯೆಯಾದ ಎರಡನೆಯ ರಾತ್ರಿ ನಮ್ಮಜ್ಜಿ ಎಂದೋ ತೀರಿಹೋದ ತಾತನೊಡನೆ ಮಾತಿಗಿಳಿದಳು. ನೋಡಬಂದವರು ಗಾಳಿ ಸೋಕಿದೆ ಎಂದರು. ಇದು ವೃದ್ಧರಲ್ಲಿ ಸಾಮಾನ್ಯವಾಗಿ ಕಾಣುವ ತಾತ್ಕಾಲಿಕ ಭ್ರಮೆ. ಬೆನ್ನಿಗೆ ಚುಚ್ಚಿ ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸಿದರೂ ಬರಬಹುದು. ತಾಯಿತಕ್ಕಿಂತ ಕನ್ನಡಕ, ರಾತ್ರಿಯ ನಿದ್ರೆ, ಪರಿಚಿತ ದನಿ ಇವು ಹೆಚ್ಚು ಉಪಕಾರಿ. ವೈದ್ಯರಿಗೆ ಒಡನೆ ತಿಳಿಸಲೂ ಬೇಕು, ಏಕೆಂದರೆ ಸೋಂಕು ಅಥವಾ ಆಮ್ಲಜನಕದ ಕೊರತೆಯೂ ಕಾರಣವಾಗಿರಬಹುದು.

ಮತ್ತೊಂದು ಕಾರಣವು ವಂಶದಲ್ಲೇ ಇರುತ್ತದೆ. ಗಂಟಲಿಗೆ ನಳಿಕೆ ಇಳಿಸುವ ಮುನ್ನ ಸ್ನಾಯುಗಳನ್ನು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಕೊಡುವುದುಂಟು. ರಕ್ತದಲ್ಲಿರುವ ಒಂದು ಕಿಣ್ವವು ಅದನ್ನು ಕೆಲವೇ ನಿಮಿಷಗಳಲ್ಲಿ ಒಡೆದುಹಾಕುತ್ತದೆ. ಹುಟ್ಟಿನಿಂದಲೇ ಆ ಕಿಣ್ವದ ಕೊರತೆಯಿದ್ದವರಿಗೆ ಗಂಟೆಗಟ್ಟಲೆ ಸ್ವಂತ ಉಸಿರು ಮರಳದು. ಅಷ್ಟು ಹೊತ್ತೂ ಯಂತ್ರವೇ ಉಸಿರಾಡಿಸಬೇಕು. ನಮ್ಮ ನಾಡಿನಲ್ಲಿಯೂ ಇರುವ ಆರ್ಯವೈಶ್ಯ ಸಮಾಜದಲ್ಲಿ ಈ ಕೊರತೆ ಇತರರಿಗಿಂತ ಹೆಚ್ಚೆಂದು ಸಂಶೋಧಕರು ಕಂಡಿದ್ದಾರೆ. “ನಿಮ್ಮ ಮನೆಯಲ್ಲಿ ಯಾರಿಗಾದರೂ ಮತ್ತು ಇಳಿಯಲು ತಡವಾಗಿತ್ತೇ?” ಎಂದು ವೈದ್ಯರು ಕೇಳುವುದು ಸುಮ್ಮನಲ್ಲ. ಅಂಥದೇನಾದರೂ ನಡೆದಿದ್ದರೆ ಆಸ್ಪತ್ರೆಯಿಂದ ಬರೆಸಿಕೊಂಡು, ಆ ಕಾಗದವನ್ನು ಪಡಿತರ ಚೀಟಿಯ ಜೊತೆಗೇ ಇಟ್ಟುಕೊಳ್ಳುವುದು ಲೇಸು. ಒಡಹುಟ್ಟಿದವರಿಗೂ ಅದು ಬೇಕಾದೀತು.