ಬೂದಿಗೆ ಬೆಲೆ ತಂದ ಪಾಠ

ಕಾಂಕ್ರೀಟಿನ ಯೋಗ್ಯತೆಯನ್ನು 28 ದಿನಗಳ ಪರೀಕ್ಷೆಯಿಂದ ಅಳೆಯುವುದು ವ್ಯವಹಾರದ ರೂಢಿ. ಬಲದ ಅಂಕಿಯೊಂದೇ ಬಾಳಿಕೆಗೆ ಖಾತರಿಯಲ್ಲವೆಂಬುದು ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸುಮಾರು ಮೂರು ದಶಕ ಬೋಧಿಸಿದ ಭಾರತೀಯ ಮೂಲದ ಪ್ರೊ. ಪಿ. ಕುಮಾರ್ ಮೆಹ್ತಾ ಅವರ ನಿಲುವು. ಸೂಕ್ಷ್ಮರಚನೆಯನ್ನು ಅರಿಯದೆ ಕಾಂಕ್ರೀಟಿನ ಗುಣವನ್ನು ಅರಿಯಲಾಗದೆಂಬುದು ಅವರ ಬೋಧನೆಯ ತಿರುಳು. 1986ರ ಅವರ ಪಠ್ಯಗ್ರಂಥವೂ ಇದೇ ಕ್ರಮದಲ್ಲಿದೆ. 1993ರ ಎರಡನೆಯ ಆವೃತ್ತಿಗೆ, ಅವರ ಬಳಿಯೇ ಸಂಶೋಧನೆ ನಡೆಸಿದ ಪಾಲೊ ಮೊಂಟೆರೊ ಸಹಲೇಖಕರಾದರು. ಶಿಷ್ಯನ ದುಡಿಮೆ ಗುರುವಿನ ಖಾತೆಗೇ ಜಮೆಯಾಗುವುದು ಅಪರೂಪವಲ್ಲದ ಕ್ಷೇತ್ರದಲ್ಲಿ ಇದು ಗಮನಾರ್ಹ.

ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಬಳಸಬೇಕೆಂದು ಅವರು ವಾದಿಸಿದರು. ಸಿಮೆಂಟು ನೀರಿನೊಡನೆ ಕೂಡಿದಾಗ ಹೊಮ್ಮುವ ಸುಣ್ಣದೊಡನೆ ಬೂದಿಯು ನಿಧಾನವಾಗಿ ವರ್ತಿಸಿ ರಂಧ್ರಗಳನ್ನು ತುಂಬುತ್ತದೆ. ಶಾಖ ಕಡಿಮೆ, ಬಿರುಕೂ ಕಡಿಮೆ. 1999ರಲ್ಲಿ ಹವಾಯಿಯ ಕವಾಯ್ ದ್ವೀಪದ ಶಿವಾಲಯಕ್ಕೆ ಅವರು ರೂಪಿಸಿದ ಅಡಿಪಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಮೆಂಟಿನ ಬದಲು ಬೂದಿಯಿತ್ತು. ತುಕ್ಕಿಗೆ ಎಡೆಯಾಗದಂತೆ ಕಬ್ಬಿಣವನ್ನೇ ಬಳಸಲಿಲ್ಲ. ಅದರ ಮೇಲಣ ಗ್ರಾನೈಟ್ ಶಿಲೆಗಳನ್ನು ಕೆತ್ತಿದ್ದು ನಮ್ಮ ಬೆಂಗಳೂರಿನ ಬಳಿ. ಗುರಿ ಸಾವಿರ ವರ್ಷಗಳ ಬಾಳಿಕೆ! ಕಾರ್ಖಾನೆ ಕಟ್ಟಡಕ್ಕೆ ವರ್ಷಕ್ಕೆ ಶೇ. 10ರಂತೆ ಸವಕಳಿ ಬರೆಯುವ ಲೆಕ್ಕಿಗರಿಗೆ ಇದು ವಿಚಿತ್ರವೆನಿಸಬಹುದು.

ನಮ್ಮ ಪೇಟೆಯ ಪಿಪಿಸಿ ಸಿಮೆಂಟಿನಲ್ಲಿ ಹಾರುಬೂದಿಯ ಪ್ರಮಾಣಕ್ಕೆ ಭಾರತೀಯ ಮಾನಕ ವಿಧಿಸಿರುವ ಮಿತಿ ಶೇ. 35. ಈ ಮಿಶ್ರಣ ನಿಧಾನವಾಗಿ ಬಲಗೊಳ್ಳುವುದರಿಂದ, ಸೆಂಟ್ರಿಂಗ್ ಬಿಚ್ಚುವ ಆತುರಕ್ಕೂ ಇದಕ್ಕೂ ಹೊಂದುವುದಿಲ್ಲ. ಮೂರೇ ದಿನಕ್ಕೆ ನೀರುಣಿಸುವುದನ್ನು ನಿಲ್ಲಿಸಿ ಬೂದಿಯನ್ನು ದೂರುವ ಮೇಸ್ತ್ರಿಗಳು ಕಡಿಮೆಯಿಲ್ಲ. ಐಎಸ್ 456ರ 2000ನೇ ಇಸವಿಯ ಆವೃತ್ತಿಯು ಇಂತಹ ಸಿಮೆಂಟಿಗೆ ಕನಿಷ್ಠ 10 ದಿನಗಳ ಕ್ಯೂರಿಂಗ್ ವಿಧಿಸಿತು; ಗುತ್ತಿಗೆ ಕರಾರಿನಲ್ಲಿ ಅದನ್ನು ಬರೆಸಿಕೊಳ್ಳುವ ಹಕ್ಕು ಕಟ್ಟಿಸುವವರಿಗಿದೆ.